ಸ್ಟಾರ್ಟರ್ ಒತ್ತಿದೊಡನೆ ಪ್ರೊಪೆಲ್ಲರ್ ತಿರುಗಬಾರದು: ಟರ್ಬೊಪ್ರಾಪ್ ಎಂಜಿನ್ ಹೊಂದಿಸಿದ ನನ್ನ ಅನುಭವ

ನಾನು ಮಲ್ಪೆಯಲ್ಲಿ ಮೀನುಗಾರಿಕಾ ದೋಣಿಗಳ ಎಂಜಿನ್ ರಿಪೇರಿ ಮಾಡುವವನು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ಎರಡು ತಿಂಗಳು ದೋಣಿಗಳೆಲ್ಲ ದಕ್ಕೆಯಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ. ಹಗಲು ನಮಗೆ ಆಗಲೇ ಹೆಚ್ಚು ಕೆಲಸ. ಆದರೆ ರಾತ್ರಿ ಕಡಲಿನಿಂದ ಫೋನ್ ಬರುವುದಿಲ್ಲ. ಹೊರಗೆ ಮಳೆ ಸುರಿಯುವ ಆ ರಾತ್ರಿಗಳಲ್ಲಿ ನಾನು ಹಲವು ವರ್ಷಗಳಿಂದ ಕಂಪ್ಯೂಟರಿನ ಮುಂದೆ ಕುಳಿತು ಎಕ್ಸ್-ಪ್ಲೇನ್ ಸಿಮ್ಯುಲೇಟರಿನಲ್ಲಿ ವಿಮಾನ ಹಾರಿಸುತ್ತ ಬಂದಿದ್ದೇನೆ. ಹಾರಿಸುವುದಕ್ಕಿಂತಲೂ ಎಂಜಿನ್ನನ್ನು ಸರಿಯಾಗಿ ವರ್ತಿಸುವಂತೆ ಮಾಡುವುದರಲ್ಲಿ ನನಗೆ ಆಸಕ್ತಿ ಹೆಚ್ಚು. ಒಂದು ಮಳೆಗಾಲವಿಡೀ ಒಂದೇ ವಿಮಾನದ ಟರ್ಬೊಪ್ರಾಪ್ ಎಂಜಿನ್ನನ್ನು, ಅಂದರೆ ಬಿಸಿ ಗಾಳಿಯಿಂದ ತಿರುಗುವ ಟರ್ಬೈನ್ ಚಕ್ರದ ಮೂಲಕ ಪ್ರೊಪೆಲ್ಲರ್ ತಿರುಗಿಸುವ ಎಂಜಿನ್ನನ್ನು, ಹೇಗೆ ಹೊಂದಿಸಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ವಿಮಾನ ಸೆಸ್ನಾ 208ಬಿ ಗ್ರ್ಯಾಂಡ್ ಕ್ಯಾರವಾನ್. ನಿಜವಾದ ವಿಮಾನದ ಮೂತಿಯಲ್ಲಿರುವುದು 675 ಅಶ್ವಶಕ್ತಿಯ ಪಿಟಿ6ಎ-114ಎ ಎಂಜಿನ್. ನನಗೆ ಸಿಕ್ಕಿದ ಉಚಿತ ಮಾದರಿ ನೋಡಲು ಚೆನ್ನಾಗಿತ್ತು; 10,000 ಅಡಿ ಎತ್ತರದಲ್ಲಿ ಅದರ ವೇಗ, ಟಾರ್ಕ್ (ಪ್ರೊಪೆಲ್ಲರನ್ನು ತಿರುಗಿಸುವ ಬಲ) ಮತ್ತು ಇಂಧನದ ಖರ್ಚು ಕೈಪಿಡಿಯ ಅಂಕಿಗಳಿಗೆ ಬಹುಮಟ್ಟಿಗೆ ತಾಳೆಯಾಗುತ್ತಿದ್ದವು. ಹೀಗಾಗಿ ಎಂಜಿನ್ ಸರಿಯಾಗಿದೆ ಎಂದೇ ನಾನು ನಂಬಿದ್ದೆ. ಮಂಗಳೂರಿನಲ್ಲಿ ಏರೋನಾಟಿಕಲ್ ಓದುತ್ತಿರುವ ನನ್ನ ಅಕ್ಕನ ಮಗ ಒಂದು ಭಾನುವಾರ ಮನೆಗೆ ಬಂದವನು ನಾನು ಎಂಜಿನ್ ಸ್ಟಾರ್ಟ್ ಮಾಡುವುದನ್ನು ನೋಡಿ ಕೇಳಿದ: "ಮಾಮ, ನೀವು ಸ್ಟಾರ್ಟರ್ ಒತ್ತಿದ ಕೂಡ್ಲೇ ಪ್ರೊಪೆಲ್ಲರ್ ತಿರುಗ್ತದಲ್ಲ, ಪಿಟಿ6ರಲ್ಲಿ ಹಾಗೆ ಆಗ್ಲಿಕ್ಕೆ ಉಂಟಾ?" ಅವನು ಹೇಳಿದ್ದು ಸರಿಯಾಗಿತ್ತು. ಅದನ್ನು ನಾನೇ ಗಮನಿಸಬೇಕಿತ್ತು.

ಪಿಟಿ6 ಎಂಜಿನ್ನಿನಲ್ಲಿ ಎರಡು ಬೇರೆ ಬೇರೆ ಶಾಫ್ಟುಗಳಿವೆ. ಗಾಳಿಯನ್ನು ಒತ್ತುವ ಕಂಪ್ರೆಸರ್ ಮತ್ತು ಅದನ್ನು ತಿರುಗಿಸುವ ಟರ್ಬೈನ್ ಒಂದು ಶಾಫ್ಟಿನ ಮೇಲಿವೆ. ಇದರ ವೇಗವನ್ನು ಎನ್‌ಜಿ ಎಂದು ಶೇಕಡಾವಾರಿನಲ್ಲಿ ತೋರಿಸುತ್ತಾರೆ, ಮತ್ತು ಈ ಎಂಜಿನ್ನಿನಲ್ಲಿ ನೂರು ಶೇಕಡಾ ಎಂದರೆ ನಿಮಿಷಕ್ಕೆ 37,500 ಸುತ್ತು. ಇನ್ನೊಂದು ಶಾಫ್ಟಿನ ಮೇಲೆ ಪವರ್ ಟರ್ಬೈನ್ ಇದ್ದು, ಅದು ಗೇರ್‌ಬಾಕ್ಸಿನ ಮೂಲಕ ಸುಮಾರು 17.6ಕ್ಕೆ 1ರಂತೆ ವೇಗ ಇಳಿಸಿ ಪ್ರೊಪೆಲ್ಲರನ್ನು 1900 ಆರ್‌ಪಿಎಂನಲ್ಲಿ ತಿರುಗಿಸುತ್ತದೆ. ಈ ಎರಡರ ನಡುವೆ ಬಿಸಿ ಗಾಳಿಯ ಹರಿವು ಬಿಟ್ಟರೆ ಕಬ್ಬಿಣದ ಯಾವ ಸಂಬಂಧವೂ ಇಲ್ಲ. ಆದ್ದರಿಂದಲೇ ನಿಲ್ಲಿಸಿಟ್ಟ ವಿಮಾನದ ಪ್ರೊಪೆಲ್ಲರ್ ಗಾಳಿ ಬೀಸಿದರೂ ತಿರುಗುತ್ತದೆ, ಅದನ್ನು ಕಟ್ಟಿಡಬೇಕಾಗುತ್ತದೆ. ಮಂಗಳೂರು ವಿಮಾನ ನಿಲ್ದಾಣವಿರುವ ಬಜಪೆಗೆ ಬರುವ ಎಟಿಆರ್ 72 ವಿಮಾನದ ಎಂಜಿನ್ನುಗಳಲ್ಲೂ ಪವರ್ ಟರ್ಬೈನ್ ಹೀಗೆಯೇ ಬಿಡಿಯಾಗಿದೆ. ಎಟಿಆರ್‌ನ ಬಲ ಎಂಜಿನ್ನಿಗೆ ಪ್ರೊಪೆಲ್ಲರ್ ಬ್ರೇಕ್ ಅಳವಡಿಸಿ, ಪ್ರೊಪೆಲ್ಲರ್ ನಿಂತಿರುವಾಗಲೇ ಎಂಜಿನ್ ಓಡಿಸಿ ವಿದ್ಯುತ್ ಪಡೆಯುವ ವ್ಯವಸ್ಥೆ ಇರುವುದು ಇದೇ ಕಾರಣದಿಂದ ಸಾಧ್ಯವಾಗಿದೆ. ನಮ್ಮ ಕೋಸ್ಟ್ ಗಾರ್ಡ್ ಬಳಸುವ ಡಾರ್ನಿಯರ್ 228ರ ಗ್ಯಾರೆಟ್ ಎಂಜಿನ್ ಇದಕ್ಕೆ ತದ್ವಿರುದ್ಧ: ಅಲ್ಲಿ ಎಲ್ಲವೂ ಒಂದೇ ಶಾಫ್ಟಿಗೆ ಜೋಡಿಕೊಂಡಿರುವುದರಿಂದ ಸ್ಟಾರ್ಟರ್ ಪ್ರೊಪೆಲ್ಲರನ್ನೂ ಎಳೆದುಕೊಂಡೇ ತಿರುಗಬೇಕು.

ಎಕ್ಸ್-ಪ್ಲೇನಿನ ಜೊತೆಗೇ ಬರುವ ಪ್ಲೇನ್ ಮೇಕರ್ ಎಂಬ ತಂತ್ರಾಂಶದಲ್ಲಿ ಮಾದರಿಯನ್ನು ತೆರೆದು ನೋಡಿದಾಗ ಕಾರಣ ತಿಳಿಯಿತು. ಎಂಜಿನ್ನಿನ ಬಗೆಯನ್ನು ಫ್ರೀ ಟರ್ಬೈನ್ (ಪವರ್ ಟರ್ಬೈನ್ ಬಿಡಿಯಾಗಿರುವುದು) ಎಂದು ಆರಿಸಬೇಕಾದಲ್ಲಿ ಫಿಕ್ಸ್ಡ್ ಎಂದು ಆರಿಸಲಾಗಿತ್ತು. ಅಂದರೆ ಕ್ಯಾರವಾನಿನ ಮೈಯೊಳಗೆ ಡಾರ್ನಿಯರಿನ ಜಾತಿಯ ಎಂಜಿನ್ ಕೂತಿತ್ತು. ಒಂದು ಆಯ್ಕೆಯನ್ನು ಬದಲಿಸಿದರೆ ಮುಗಿಯಿತು ಎಂದುಕೊಂಡೆ. ಬದಲಿಸಿದ ಮೇಲೆ ಏನೂ ಸರಿಯಾಗಿ ಉಳಿಯಲಿಲ್ಲ: ಐಡಲ್‌ನಲ್ಲೇ, ಅಂದರೆ ಎಂಜಿನ್ ಅತಿ ಕಡಿಮೆ ಶಕ್ತಿಯಲ್ಲಿ ಓಡುವಾಗಲೇ, ವಿಮಾನ ಓಡಿಹೋಗುತ್ತಿತ್ತು, ಟಾರ್ಕ್ ಮಿತಿ ಮೀರುತ್ತಿತ್ತು, ಮೊದಲು ಸರಿಯಾಗಿದ್ದ ವೇಗವೂ ಹತ್ತಾರು ನಾಟ್ ತಪ್ಪಿತು. ತಪ್ಪು ಬಗೆಯ ಎಂಜಿನ್ನಿನಿಂದ ಸರಿಯಾದ ಅಂಕಿ ಹೊರಡಿಸಲು ಮಾದರಿಯ ಬೇರೆ ಬೇರೆ ಸಂಖ್ಯೆಗಳನ್ನು ಒಂದೊಂದಾಗಿ ತಿರುಚಿದ್ದರೆಂದು ಆಗ ಅರ್ಥವಾಯಿತು. ಎತ್ತರದಲ್ಲಿ ನೇರವಾಗಿ ಹಾರುವಾಗಿನ ಅಂಕಿಗಳನ್ನು ಎಲ್ಲಕ್ಕಿಂತ ಕೊನೆಗೆ ನೋಡಬೇಕು, ನೆಲದಿಂದ ಆರಂಭಿಸಬೇಕು ಎಂದು ನಾನು ನಿರ್ಧರಿಸಿದ್ದು ಅಂದೇ.

ಮೊದಲು ಅಳೆಯುವ ಕ್ರಮವನ್ನು ಗಟ್ಟಿ ಮಾಡಿಕೊಂಡೆ. ಸಿಮ್ಯುಲೇಟರಿನ ಹವಾಮಾನವನ್ನು 15 ಡಿಗ್ರಿ, 1013 ಹೆಕ್ಟೊಪಾಸ್ಕಲ್, ಗಾಳಿಯಿಲ್ಲ ಎಂದು ಇಟ್ಟು, ಸಮುದ್ರಮಟ್ಟಕ್ಕೆ ಹತ್ತಿರದ ಒಂದು ರನ್‌ವೇಯಲ್ಲಿ ಪ್ರತಿ ಪರೀಕ್ಷೆಯನ್ನೂ ಮಾಡಿದೆ. ಎಕ್ಸ್-ಪ್ಲೇನ್ ತನ್ನ ಒಳಗಿನ ಅಂಕಿಗಳನ್ನು ಒಂದು ಕಡತಕ್ಕೆ ಬರೆಯಬಲ್ಲದು. ಎನ್‌ಜಿ, ಐಟಿಟಿ (ಎರಡು ಟರ್ಬೈನುಗಳ ನಡುವಿನ ಉಷ್ಣತೆ), ಟಾರ್ಕ್, ಪ್ರೊಪೆಲ್ಲರ್ ವೇಗ, ಇಂಧನದ ಹರಿವು ಈ ಐದನ್ನು ಬರೆಸಿ, ಎಕ್ಸೆಲ್‌ಗೆ ಹಾಕಿ ಗೆರೆ ಎಳೆದು ನೋಡುತ್ತಿದ್ದೆ. ಇನ್ನೊಂದು ಕಡೆ, ನಿಜವಾದ ಕ್ಯಾರವಾನಿನ ಮೀಟರುಗಳು ಸ್ಪಷ್ಟವಾಗಿ ಕಾಣುವ ವಿಡಿಯೊಗಳನ್ನು ನಿಧಾನವಾಗಿ ಓಡಿಸಿ, ಸ್ಟಾಪ್‌ವಾಚ್ ಹಿಡಿದು, ಮುಳ್ಳು ಎಲ್ಲಿಂದ ಎಲ್ಲಿಗೆ ಎಷ್ಟು ಹೊತ್ತಿಗೆ ಹೋಯಿತೆಂದು ಬರೆದಿಟ್ಟೆ. ಒಂದು ಸಲಕ್ಕೆ ಒಂದೇ ಸಂಖ್ಯೆಯನ್ನು ಬದಲಿಸುವುದು, ಬದಲಿಸುವ ಮೊದಲು ಕಡತದ ಪ್ರತಿಯನ್ನು ದಿನಾಂಕ ಹಾಕಿ ಎತ್ತಿಡುವುದು, ಇವೆರಡನ್ನೂ ತಪ್ಪದೆ ಪಾಲಿಸಿದೆ.

ಸ್ಟಾರ್ಟ್ ಆಗುವ ಒಂದು ನಿಮಿಷದಲ್ಲಿ ಈ ಎಂಜಿನ್ನಿನ ಸ್ವಭಾವವೆಲ್ಲ ಕಾಣುತ್ತದೆ. ಸ್ಟಾರ್ಟರ್ ಹಾಕಿದಾಗ ಎನ್‌ಜಿ ಮಾತ್ರ ಏರತೊಡಗುತ್ತದೆ. ಪ್ರೊಪೆಲ್ಲರ್ ಸುಮ್ಮನೆ ನಿಂತಿರುತ್ತದೆ ಅಥವಾ ಬಹಳ ಮೆಲ್ಲಗೆ ಅಲುಗುತ್ತದೆ. ಎನ್‌ಜಿ ಕನಿಷ್ಠ 12 ಶೇಕಡಾ ತಲುಪಿ ಸ್ಥಿರವಾದ ಮೇಲೆ ಇಂಧನ ಬಿಡುವ ಫ್ಯುಯೆಲ್ ಕಂಡಿಷನ್ ಲಿವರನ್ನು ಲೋ ಐಡಲ್‌ಗೆ ತಳ್ಳಬೇಕು. ಆಗ ಬೆಂಕಿ ಹತ್ತಿ ಐಟಿಟಿ ಸರ್ರನೆ ಏರಿ ಒಂದು ಶಿಖರ ಮುಟ್ಟಿ, ಗಾಳಿಯ ಹರಿವು ಹೆಚ್ಚಾದಂತೆ ಇಳಿಯುತ್ತದೆ. ಸ್ಟಾರ್ಟಿನಲ್ಲಿ ಅದಕ್ಕಿರುವ ಮಿತಿ 1090 ಡಿಗ್ರಿ, ಅದೂ 2 ಸೆಕೆಂಡು ಮಾತ್ರ. ಎನ್‌ಜಿ 52ರ ಹತ್ತಿರ ನಿಂತ ಮೇಲೆ ಸ್ಟಾರ್ಟರ್ ತೆಗೆಯಬೇಕು. ಈ ನಡುವೆ ಎಣ್ಣೆಯ ಒತ್ತಡ ಬಂದು, ಫೆದರ್ ಸ್ಥಿತಿಯಲ್ಲಿ, ಅಂದರೆ ಅಂಚು ಮುಂದಾಗಿ, ನಿಂತಿದ್ದ ಅಲಗುಗಳು ಚಪ್ಪಟೆ ಕೋನಕ್ಕೆ ತಿರುಗಿ, ಅಲ್ಲಿಯವರೆಗೆ ಸೋಮಾರಿಯಂತೆ ತಿರುಗುತ್ತಿದ್ದ ಪ್ರೊಪೆಲ್ಲರ್ ಒಮ್ಮೆಲೇ ಚುರುಕಾಗುತ್ತದೆ. ಆ ಕ್ಷಣದ ಶಬ್ದ ಕೇಳಿದವರಿಗೆ ಮರೆಯುವುದಿಲ್ಲ.

ಹಳೆಯ ಮಾದರಿಯಲ್ಲಿ ಐಟಿಟಿ ಶಿಖರವೇ ಇರಲಿಲ್ಲ; ಅದು ಎನ್‌ಜಿಯ ಜೊತೆಗೆ ಮೆಟ್ಟಿಲು ಹತ್ತಿದಂತೆ ಏರಿ ನಿಲ್ಲುತ್ತಿತ್ತು. ಬ್ಯಾಟರಿ ಸೋತಿರುವಾಗ ಇಂಧನ ಬಿಟ್ಟರೂ, ಎನ್‌ಜಿ 5 ಶೇಕಡಾ ಇರುವಾಗ ಬಿಟ್ಟರೂ ಏನೂ ಆಗುತ್ತಿರಲಿಲ್ಲ. ನಿಜವಾದ ಎಂಜಿನ್ನಿನಲ್ಲಿ ಪೈಲಟ್ ಭಯಪಡಬೇಕಾದ ಮೊದಲ ಘಳಿಗೆಯೇ ಅದು. ಹೀಗಾಗಿ ಐಟಿಟಿಯನ್ನು ಸಿಮ್ಯುಲೇಟರಿನ ಸ್ವಂತ ಲೆಕ್ಕದಿಂದ ಬಿಡಿಸಿಕೊಂಡು ಲುವಾ ಭಾಷೆಯಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ಬರೆದೆ. ಅದರ ತತ್ತ್ವ ಸರಳ: ಉಷ್ಣತೆಯನ್ನು ನಿರ್ಧರಿಸುವುದು ಇಂಧನ ಮತ್ತು ಗಾಳಿಯ ಅನುಪಾತ. ಇಂಧನ ತಕ್ಷಣ ಬರುತ್ತದೆ, ಗಾಳಿ ಎನ್‌ಜಿ ಏರಿದ ಮೇಲಷ್ಟೇ ಬರುತ್ತದೆ. ಈ ಅಂತರವೇ ಶಿಖರ. ಇದೇ ಲೆಕ್ಕ ಹಾರಾಟದಲ್ಲಿ ಪವರ್ ಲಿವರನ್ನು ಬೇಗನೆ ತಳ್ಳಿದಾಗಲೂ ಕೆಲಸಕ್ಕೆ ಬಂತು: ಐಟಿಟಿ ಒಂದು ಕ್ಷಣ ತನ್ನ ನೆಲೆಗಿಂತ ಮೇಲೆ ಹೋಗಿ ಮತ್ತೆ ಕೆಳಗೆ ಕೂರುತ್ತದೆ. ಒಂದೇ ಸೂತ್ರ ಎರಡು ಕಡೆ ಸರಿಬಂದಾಗ ನನಗಾದ ಸಂತೋಷವನ್ನು ಮುಚ್ಚಿಡಲಾರೆ.

ಹೆಚ್ಚು ದಿನ ಹಿಡಿದದ್ದು ಎಂಜಿನ್ ಏರುವ ಸಮಯ. ಅಮೆರಿಕದ ಎಂಜಿನ್ ಪ್ರಮಾಣೀಕರಣ ನಿಯಮ 33.73ರ ಪ್ರಕಾರ ಹಾರಾಟದ ಕನಿಷ್ಠ ಐಡಲ್‌ನಿಂದ ಟೇಕ್‌ಆಫ್ ಶಕ್ತಿಯ 95 ಶೇಕಡಾ ತಲುಪಲು 5 ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು. ಇದು ಮೇಲಿನ ಮಿತಿ. ಆದರೆ ಆ ಸೆಕೆಂಡುಗಳು ಒಂದೇ ಸಮನಾಗಿ ಹಂಚಿಕೊಂಡಿರುವುದಿಲ್ಲ. ಎನ್‌ಜಿ ಕಡಿಮೆಯಿರುವಾಗ ಕಂಪ್ರೆಸರ್ ಹೆಚ್ಚು ಇಂಧನವನ್ನು ತಾಳಲಾರದು; ಹೆಚ್ಚು ಸುರಿದರೆ ಸರ್ಜ್ ಆಗುತ್ತದೆ (ಗಾಳಿ ಹಿಮ್ಮೆಟ್ಟುತ್ತದೆ) ಇಲ್ಲವೇ ಟರ್ಬೈನ್ ಸುಡುತ್ತದೆ. ಆದ್ದರಿಂದ ಇಂಧನ ನಿಯಂತ್ರಕವು ಆರಂಭದಲ್ಲಿ ಕೈ ಬಿಗಿ ಹಿಡಿದು, ಎನ್‌ಜಿ ಏರಿದಂತೆ ಸಡಿಲಿಸುತ್ತದೆ. ಅದಕ್ಕೂ ಮೇಲೆ, ಎನ್‌ಜಿ 70 ಶೇಕಡಾ ದಾಟುವವರೆಗೆ ಟಾರ್ಕ್ ಮುಳ್ಳು ಅಷ್ಟಾಗಿ ಅಲುಗುವುದೇ ಇಲ್ಲ. ಶಕ್ತಿಯ ಬಹುಪಾಲು ಬರುವುದು ಎನ್‌ಜಿಯ ಕೊನೆಯ ಭಾಗದಲ್ಲಿ. ಲಿವರ್ ತಳ್ಳಿದವನಿಗೆ ಮೊದಲು ಏನೂ ಆಗದಂತೆ, ಆಮೇಲೆ ಒಮ್ಮೆಲೇ ಎಲ್ಲವೂ ಆದಂತೆ ತೋರುವುದು ಇದರಿಂದಲೇ. ಕ್ಯಾರವಾನಿಗೆ 52 ಶೇಕಡಾದ ಲೋ ಐಡಲ್ ಅಲ್ಲದೆ 65 ಶೇಕಡಾದ ಹೈ ಐಡಲ್ ಒಂದನ್ನು ಕೊಟ್ಟಿರುವುದೂ, ಹಾರಾಟದಲ್ಲಿ ಅದನ್ನೇ ಬಳಸುವುದೂ ಈ ತಡವನ್ನು ಕಡಿಮೆ ಮಾಡಲಿಕ್ಕಾಗಿ.

ಒಂದೇ ಸಮಯಾಂಕ, ಅಂದರೆ ಎನ್‌ಜಿ ಗುರಿಯ ಕಡೆಗೆ ಎಷ್ಟು ಬೇಗ ಸಾಗುತ್ತದೆಂದು ಹೇಳುವ ಸಂಖ್ಯೆ, ಇಟ್ಟರೆ ಈ ನಡತೆ ಬರುವುದಿಲ್ಲ. ಸ್ಕ್ರಿಪ್ಟಿನಲ್ಲಿ ಸಮಯಾಂಕವನ್ನು ಎನ್‌ಜಿಯ ಮೇಲೆಯೇ ಅವಲಂಬಿಸುವಂತೆ ಮಾಡಿದೆ: 52ರ ಹತ್ತಿರ 2.5 ಸೆಕೆಂಡು, 90ರ ಹತ್ತಿರ 0.8 ಸೆಕೆಂಡು, ನಡುವೆ ನೇರ ಗೆರೆ. ನನ್ನ ಕಂಪ್ಯೂಟರಿನಲ್ಲಿ ವಿಡಿಯೊದ ಜೊತೆ ಬಹಳ ಚೆನ್ನಾಗಿ ಹೊಂದಿತು. ಕಡತವನ್ನು ಅಳಿಯನಿಗೆ ಕಳುಹಿಸಿದೆ. ಅವನು ಫೋನ್ ಮಾಡಿ, "ಮಾಮ, ಇಲ್ಲಿ ಇದು ಟರ್ಬೈನ್ ಅಲ್ಲ, ಮೋಟಾರ್ ಸೈಕಲ್ ಹಾಗೆ ಏರ್ತದೆ" ಎಂದ. ಎರಡು ರಾತ್ರಿ ಹುಡುಕಿದ ಮೇಲೆ ತಪ್ಪು ಸಿಕ್ಕಿತು. ಪ್ರತಿ ಚೌಕಟ್ಟಿಗೂ (ತೆರೆಯ ಮೇಲೆ ಮೂಡುವ ಒಂದೊಂದು ಚಿತ್ರಕ್ಕೂ) ಎನ್‌ಜಿಯನ್ನು ಗುರಿಯ ಕಡೆಗೆ ಇಷ್ಟಿಷ್ಟು ಸರಿಸು ಎಂದು ಬರೆದಿದ್ದ ನಾನು, ಎರಡು ಚೌಕಟ್ಟುಗಳ ನಡುವೆ ಕಳೆದ ಕಾಲದಿಂದ ಅದನ್ನು ಗುಣಿಸುವುದನ್ನು ಮರೆತಿದ್ದೆ. ನನ್ನ ಹಳೆಯ ಯಂತ್ರ ಸೆಕೆಂಡಿಗೆ 30 ಚೌಕಟ್ಟು ಬಿಡಿಸುತ್ತಿತ್ತು, ಅವನದು 60. ಆದ್ದರಿಂದ ಅವನ ಎಂಜಿನ್ ಎರಡು ಪಟ್ಟು ಬೇಗ ಏರುತ್ತಿತ್ತು. ಇಂಥ ಸ್ಕ್ರಿಪ್ಟ್ ಬರೆಯುವವರು ಮೊದಲ ದಿನವೇ ಚೌಕಟ್ಟಿನ ವೇಗವನ್ನು ಬೇಕೆಂದೇ ಇಳಿಸಿ ಮತ್ತು ಏರಿಸಿ ಪರೀಕ್ಷೆ ಮಾಡಿಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಪ್ರೊಪೆಲ್ಲರಿನ ವಿಷಯದಲ್ಲಿ ನನ್ನ ದಿನದ ಕೆಲಸ ನೆರವಿಗೆ ಬಂತು. ದೋಣಿಗೆ ಅಗತ್ಯಕ್ಕಿಂತ ಹೆಚ್ಚು ಪಿಚ್ (ಅಲಗಿನ ಓರೆ) ಇರುವ ಪ್ರೊಪೆಲ್ಲರ್ ಹಾಕಿದರೆ ಎಂಜಿನ್ ತನ್ನ ಪೂರ್ತಿ ಆರ್‌ಪಿಎಂಗೆ ಏರಲಾರದೆ ಕಪ್ಪು ಹೊಗೆ ಬಿಡುತ್ತದೆ. ಕಡಿಮೆ ಪಿಚ್ ಇದ್ದರೆ ಎಂಜಿನ್ ಬರಿದೇ ಓಡುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ವಿಮಾನದಲ್ಲಿ ಪ್ರೊಪೆಲ್ಲರಿನ ವೇಗವನ್ನು ಒಂದೇ ಮಟ್ಟದಲ್ಲಿಡುವ ಗವರ್ನರ್ ಈ ಪಿಚ್ಚನ್ನು ಕ್ಷಣಕ್ಷಣವೂ ಬದಲಿಸುತ್ತಿರುತ್ತದೆ. ಕ್ಯಾರವಾನಿನ 106 ಇಂಚು ಅಂದರೆ 2.69 ಮೀಟರ್ ವ್ಯಾಸದ ಪ್ರೊಪೆಲ್ಲರ್ 1900 ಆರ್‌ಪಿಎಂನಲ್ಲಿ ತಿರುಗುವಾಗ ಅಲಗಿನ ತುದಿಯ ವೇಗ ಸೆಕೆಂಡಿಗೆ ಸುಮಾರು 268 ಮೀಟರ್, ಶಬ್ದದ ವೇಗದ ಮುಕ್ಕಾಲು ಭಾಗಕ್ಕಿಂತ ಹೆಚ್ಚು. ವಿಮಾನ 160 ನಾಟ್ ವೇಗದಲ್ಲಿದ್ದರೆ ಅಡ್ವಾನ್ಸ್ ರೇಷಿಯೊ, ಅಂದರೆ ಪ್ರೊಪೆಲ್ಲರ್ ಒಂದು ಸುತ್ತು ತಿರುಗುವಷ್ಟರಲ್ಲಿ ವಿಮಾನ ಕ್ರಮಿಸುವ ದೂರವನ್ನು ಪ್ರೊಪೆಲ್ಲರಿನ ವ್ಯಾಸದಿಂದ ಭಾಗಿಸಿದರೆ ಸಿಗುವ ಸಂಖ್ಯೆ, ಸುಮಾರು 0.97 ಬರುತ್ತದೆ. ಎಕ್ಸ್-ಪ್ಲೇನ್ ಅಲಗನ್ನು ತುಂಡು ತುಂಡಾಗಿ ಭಾಗಿಸಿ ಪ್ರತಿ ತುಂಡಿನ ಬಲವನ್ನು ಲೆಕ್ಕ ಹಾಕುವುದರಿಂದ, ಅಲಗಿನ ಆಕಾರವನ್ನು ಸರಿಯಾಗಿ ಕೊಟ್ಟರೆ ದಕ್ಷತೆ ತಾನಾಗಿ ಬರುತ್ತದೆ. ಹಳೆಯ ಮಾದರಿಯಲ್ಲಿ ಅಲಗಿನ ಅಗಲವೇ ತಪ್ಪಾಗಿತ್ತು. ಫೋಟೊಗಳ ಮೇಲೆ ಸ್ಕೇಲ್ ಇಟ್ಟು ಅಳೆದು ಅದನ್ನು ತಿದ್ದಿದೆ.

ಇಲ್ಲಿ ಒಂದು ಎಚ್ಚರ ಅಗತ್ಯ. ಕೈಪಿಡಿಯಲ್ಲಿ ಕೊಟ್ಟಿರುವ ಅಲಗಿನ ಕೋನವನ್ನು ಪ್ರೊಪೆಲ್ಲರಿನ ನಡುವಿನಿಂದ 30 ಇಂಚು ದೂರದಲ್ಲಿ ಅಳೆದಿರುತ್ತಾರೆ. ಅಲಗು ತಿರುಚಿಕೊಂಡಿರುವುದರಿಂದ ಬುಡದಲ್ಲಿ ಕೋನ ಹೆಚ್ಚು, ತುದಿಯಲ್ಲಿ ಕಡಿಮೆ. ಆ ಸಂಖ್ಯೆಯನ್ನು ಯೋಚಿಸದೆ ತಂದು ತುಂಬಿದರೆ ಐಡಲ್‌ನಲ್ಲಿ ಎಳೆತ ವಿಪರೀತವಾಗುತ್ತದೆ. ನನ್ನ ವಿಮಾನ ಟ್ಯಾಕ್ಸಿಯಲ್ಲಿ ಬ್ರೇಕ್ ಬಿಟ್ಟರೆ 40 ನಾಟ್ ಮುಟ್ಟುತ್ತಿದ್ದುದಕ್ಕೆ ಅರ್ಧ ಕಾರಣ ಇದೇ. ತಿರುಚನ್ನು ಲೆಕ್ಕಕ್ಕೆ ಹಿಡಿದು ಕನಿಷ್ಠ ಕೋನವನ್ನು ಇಳಿಸಿದೆ. ಪವರ್ ಲಿವರನ್ನು ಐಡಲ್‌ನಿಂದ ಹಿಂದಕ್ಕೆ ಎಳೆದಾಗ ಎನ್‌ಜಿ ಬದಲಾಗದೆ ಅಲಗಿನ ಕೋನ ಮಾತ್ರ ಸೊನ್ನೆಯ ಕಡೆಗೆ ಇಳಿಯುವಂತೆ ಬೀಟಾ ಭಾಗವನ್ನು ಹೊಂದಿಸಿದೆ. ನಿಜವಾದ ಪೈಲಟ್‌ಗಳು ಟ್ಯಾಕ್ಸಿಯ ವೇಗವನ್ನು ಹಿಡಿತದಲ್ಲಿಡುವುದು ಹೀಗೆ, ಬ್ರೇಕ್ ತುಳಿಯುತ್ತ ಅಲ್ಲ. ಬಜಪೆಯಲ್ಲಿ ಎಟಿಆರ್ ನೆಲದ ಮೇಲೆ ಬರುವಾಗ ಕಿವಿಗೊಟ್ಟರೆ ಪ್ರೊಪೆಲ್ಲರಿನ ದನಿ ಏರಿಳಿಯುವುದು ಕೇಳಿಸುತ್ತದೆ, ವಿಮಾನ ಮಾತ್ರ ಒಂದೇ ವೇಗದಲ್ಲಿ ಸಾಗುತ್ತಿರುತ್ತದೆ.

ಶಕ್ತಿಯನ್ನು ಹೊಂದಿಸುವುದು ಇಷ್ಟಾದ ಮೇಲೆ ಸುಲಭವಾಯಿತು. ಪೌಂಡ್-ಅಡಿಯಲ್ಲಿರುವ ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 5252ರಿಂದ ಭಾಗಿಸಿದರೆ ಅಶ್ವಶಕ್ತಿ. ಕ್ಯಾರವಾನಿನಲ್ಲಿ 1900 ಆರ್‌ಪಿಎಂಗೆ ಟಾರ್ಕ್ ಮಿತಿ 1865; ಲೆಕ್ಕ ಹಾಕಿದರೆ ಸರಿಯಾಗಿ 675. ಎಂಜಿನ್ ಫ್ರೀ ಟರ್ಬೈನ್ ಹೌದೋ ಅಲ್ಲವೋ ಎಂದು ತಿಳಿಯಲು ನಾನು ಈಗ ಯಾವ ಮಾದರಿಯಲ್ಲೂ ಮೊದಲು ಮಾಡುವ ಪರೀಕ್ಷೆ ಒಂದಿದೆ: ನೇರ ಹಾರಾಟದಲ್ಲಿ ಪವರ್ ಲಿವರನ್ನು ಮುಟ್ಟದೆ ಪ್ರೊಪೆಲ್ಲರ್ ಲಿವರನ್ನು ಮಾತ್ರ ಹಿಂದಕ್ಕೆ ಎಳೆದು 1900ರಿಂದ 1750ಕ್ಕೆ ಇಳಿಸುತ್ತೇನೆ. ಗಾಳಿಯ ಹರಿವಿನಲ್ಲಿರುವ ಶಕ್ತಿ ಬಹುಮಟ್ಟಿಗೆ ಅಷ್ಟೇ ಇರುವುದರಿಂದ 1500ರಲ್ಲಿದ್ದ ಟಾರ್ಕ್ 1630ರ ಹತ್ತಿರಕ್ಕೆ ಏರಬೇಕು, ಎನ್‌ಜಿ ಕದಲಬಾರದು. ಹಳೆಯ ಮಾದರಿಯಲ್ಲಿ ಎನ್‌ಜಿಯೂ ಪ್ರೊಪೆಲ್ಲರಿನ ಜೊತೆಗೇ ಕುಸಿಯುತ್ತಿತ್ತು.

ಇನ್ನೊಂದು ತಿದ್ದುಪಡಿಯ ಬಗ್ಗೆ ಅಳಿಯನಿಗೂ ನನಗೂ ವಾದವಾಯಿತು. ಲಿವರನ್ನು ಕೊನೆಯವರೆಗೆ ತಳ್ಳಿದರೂ ಟಾರ್ಕ್ 1865 ದಾಟದಂತೆ ಮಾದರಿಯಲ್ಲಿ ತಡೆ ಇತ್ತು. ಹಾರಿಸುವವರಿಗೆ ಅನುಕೂಲ, ಹಾಗೇ ಇರಲಿ ಎಂದು ಅವನು ಹೇಳಿದ. ನಾನು ಒಪ್ಪಲಿಲ್ಲ. ಈ ಎಂಜಿನ್ ಸಮುದ್ರಮಟ್ಟದಲ್ಲಿ ಮಿತಿಗಿಂತ ಹೆಚ್ಚು ಶಕ್ತಿ ಕೊಡಬಲ್ಲದು, ಅದನ್ನು ತಡೆಯುವುದು ಪೈಲಟ್‌ನ ಕೈ. ರನ್‌ವೇಯ ಮೇಲೆ ವೇಗ ಏರಿದಂತೆ ಎಂಜಿನ್ನಿನ ಬಾಯಿಗೆ ಗಾಳಿ ಒತ್ತಿ ಬಂದು ಟಾರ್ಕ್ ತಾನಾಗಿ ಏರುವುದರಿಂದ, ಟೇಕ್‌ಆಫ್‌ಗೆ ನಿಂತಾಗ ಮಿತಿಗಿಂತ ಸ್ವಲ್ಪ ಕೆಳಗೇ ಇಡಬೇಕು. ತಡೆಯನ್ನು ತೆಗೆದೆ. ಈಗ ಎಚ್ಚರವಿಲ್ಲದವನು ಮಿತಿ ಮೀರುತ್ತಾನೆ, ಮೀರಲೇಬೇಕು.

ಆಮೇಲೆ ಮಂಗಳೂರಿನ ಬಿಸಿಯಲ್ಲಿ ಪರೀಕ್ಷಿಸಿದೆ. ಸುಮಾರು 100 ಮೀಟರ್ ಎತ್ತರದಲ್ಲಿರುವ ಬಜಪೆಯ 2,450 ಮೀಟರ್ ರನ್‌ವೇಯಲ್ಲಿ ಮೇ ತಿಂಗಳ ಮಧ್ಯಾಹ್ನದ 34 ಡಿಗ್ರಿ ಇಟ್ಟರೆ, ವಿಮಾನದ ಪಾಲಿಗೆ ಅದು ಸುಮಾರು 2,700 ಅಡಿ ಎತ್ತರದ ಗಾಳಿ. ಟಾರ್ಕ್ 1865 ಸಿಗುತ್ತದೆ, ಆದರೆ ಅದೇ ಟಾರ್ಕಿಗೆ ಎನ್‌ಜಿಯೂ ಐಟಿಟಿಯೂ 15 ಡಿಗ್ರಿಯ ದಿನಕ್ಕಿಂತ ಮೇಲಿರುತ್ತವೆ. ಟೇಕ್‌ಆಫ್ ಮಿತಿಯಾದ 805 ಡಿಗ್ರಿಗೆ ಉಳಿಯುವ ಅಂತರ ಕಿರಿದಾಗುತ್ತದೆ. ಪಶ್ಚಿಮಕ್ಕೆ ಹೊರಟು ಕಡಲ ಮೇಲೆ ತಿರುಗಿ ಘಟ್ಟದ ಕಡೆಗೆ ಏರುವಾಗ ಒಂದು ಎತ್ತರದವರೆಗೆ ಕಣ್ಣು ಟಾರ್ಕಿನ ಮೇಲಿರಬೇಕು, ಅಲ್ಲಿಂದ ಮೇಲೆ ಐಟಿಟಿಯ ಮೇಲೆ. ಈ ಬದಲಾವಣೆ ಯಾವ ಎತ್ತರದಲ್ಲಿ ಆಗುತ್ತದೆಂಬುದನ್ನು ಕೈಪಿಡಿಯ ಟಾರ್ಕ್ ಕೋಷ್ಟಕದೊಂದಿಗೆ ಹೋಲಿಸಿ, ಎತ್ತರಕ್ಕೆ ತಕ್ಕಂತೆ ಶಕ್ತಿ ಇಳಿಯುವ ಸಂಖ್ಯೆಯನ್ನು ನಾಲ್ಕು ಸಲ ತಿದ್ದಿದೆ. ಎಂಜಿನ್ನಿಗೆ ಹೋಗುವ ಗಾಳಿಯಿಂದ ನೀರು, ಕಸ ಬೇರ್ಪಡಿಸಲು ಮಳೆಯಲ್ಲಿ ಬಳಸುವ ಇನರ್ಷಿಯಲ್ ಸೆಪರೇಟರ್ ತೆರೆದಾಗ ಟಾರ್ಕ್ ಇಳಿದು ಐಟಿಟಿ ಏರುವುದನ್ನೂ ಸ್ಕ್ರಿಪ್ಟಿಗೆ ಸೇರಿಸಿದೆ.

ಕೊನೆಗೆ 10,000 ಅಡಿಗೆ ಹೋಗಿ ನೋಡಿದಾಗ ವೇಗ 3 ನಾಟ್ ಮಾತ್ರ ತಪ್ಪಿತ್ತು. ಮೈಯ ಎಳೆತವನ್ನು ಚೂರು ತಿದ್ದಿದೆ, ಸರಿಹೋಯಿತು.

ರಿವರ್ಸ್, ಅಂದರೆ ಪ್ರೊಪೆಲ್ಲರ್ ವಿಮಾನವನ್ನು ಹಿಂದಕ್ಕೆ ತಳ್ಳಿ ನಿಲ್ಲಿಸುವುದು, ಇನ್ನೂ ಮನಸ್ಸಿಗೆ ಒಪ್ಪಿಲ್ಲ. ಇಳಿದ ಮೇಲೆ ಲಿವರನ್ನು ಬೀಟಾ ದಾಟಿ ಹಿಂದಕ್ಕೆ ಎಳೆದಾಗ ಎನ್‌ಜಿ ಏರುವುದಕ್ಕೂ ಅಲಗಿನ ಕೋನ ಋಣವಾಗುವುದಕ್ಕೂ ನಡುವೆ ಇರಬೇಕಾದ ಕ್ರಮ ನನ್ನ ಮಾದರಿಯಲ್ಲಿ ಅರ್ಧ ಸೆಕೆಂಡಿನಷ್ಟು ಹಿಂದುಮುಂದಾಗಿದೆ. ಗ್ರಾಫಿನಲ್ಲಿ ಅದು ಕಾಣುತ್ತದೆ, ವಿಮಾನ ನಿಲ್ಲುವ ದೂರದಲ್ಲೂ ಕಾಣುತ್ತದೆ. ಅದನ್ನು ಹಿಡಿಯುವಷ್ಟರಲ್ಲಿ ಜುಲೈ ಮುಗಿಯಿತು, ದಕ್ಕೆಯಲ್ಲಿ ದೋಣಿಗಳಿಗೆ ಐಸ್ ತುಂಬಲು ಶುರುವಾಯಿತು. ಕಡತಕ್ಕೆ ದಿನಾಂಕ ಹಾಕಿ ಎತ್ತಿಟ್ಟಿದ್ದೇನೆ. ಮುಂದಿನ ಜೂನ್‌ನಲ್ಲಿ ಅಲ್ಲಿಂದಲೇ ಆರಂಭ.